ಬಚ್ಚಲ ಬದಿಯ ಸುಗಂಧಿ

ಹೋದ ವಾರ ಹುಬ್ಬಳ್ಳಿಯ ನವನಗರದ ನಮ್ಮ ಹಳೆಯ ಬಾಡಿಗೆ ಮನೆಗೆ ಹೋಗಿದ್ದೆ. ನನ್ನ ಹೆಸರಿನ ಒಂದು ಲಕೋಟೆ ಹಳೆಯ ವಿಳಾಸಕ್ಕೆ ಹೋಗಿಬಿಟ್ಟಿತ್ತು. ಈಗ ಅಲ್ಲಿ ಬಾಡಿಗೆಗಿರುವ ಹೆಣ್ಣುಮಗಳು ಫೋನು ಮಾಡಿ ಹೇಳಿದ್ದಳು. ಗೇಟಿನಲ್ಲೇ ಇಸಿದುಕೊಂಡು ಹಾಗೇ ಬಸ್ಸು ಹಿಡಿಯುವುದು ನನ್ನ ಎಣಿಕೆ. ಒಳಗೆ ಹೋಗುವ ಮನಸ್ಸಿರಲಿಲ್ಲ. ಆದರೆ ಗೇಟಿನ ಕೊಂಡಿ ಎತ್ತುವಷ್ಟರಲ್ಲಿ ವಾಸನೆ ಬಂತು. ಬೆಳಗಿನಿಂದ ಜಿಟಿಜಿಟಿ ಹಿಡಿದ ಮಳೆ ಆಗಷ್ಟೇ ನಿಂತಿತ್ತು. ಮನೆಯ ಹಿಂದಿನಿಂದ, ಬಚ್ಚಲ ನೀರು ಹರಿದುಹೋಗುವ ಕಡೆಯಿಂದ, ಒದ್ದೆ ಗಾಳಿ ಅದನ್ನು ಹೊತ್ತು ತಂದು ನನ್ನ ಮುಖದ ಮೇಲೆ ಇಟ್ಟಿತು. ಹಿಂದೆ ಏನಿದೆ ಎಂದು ಬಾಗಿಲಿಗೆ ಬಂದ ಹೆಣ್ಣುಮಗಳನ್ನು ಕೇಳಿದೆ.

ಆಕೆ ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದಳು. ಎದೆಯೆತ್ತರದ ಸುರುಳಿ ಸುಗಂಧಿಯ ಹಿಂಡು, ಬಚ್ಚಲ ಗೋಡೆಯಿಂದ ಕಾಂಪೌಂಡಿನವರೆಗೆ.

“ಇದನ್ನ ನೀವ ಹಚ್ಚಿದ್ದೇನ್ರಿ ಅಕ್ಕಾರ? ಎರಡ ಸಲ ಬುಡಮಟ ಕಡಿಸೇವ್ರಿ. ಮಳಿ ಬಿದ್ದ ಕೂಡ್ಲೇ ಮತ್ತ ಎದ್ದ ನಿಂದರತೈತಿ.”

ಹಚ್ಚಿದ್ದಲ್ಲ, ಬೀಸಿ ಒಗೆದದ್ದು ಎಂದೆ. ಆಕೆ ನಕ್ಕಳು, ಚೇಷ್ಟೆ ಎಂದುಕೊಂಡಿರಬೇಕು. ನಾನು ಇದ್ದದ್ದನ್ನೇ ಹೇಳಿದ್ದೆ.

ಮೂರು ವರ್ಷದ ಹಿಂದಿನ ಮಾತು. ನಾನಾಗ ಕಾನೂನು ಓದುತ್ತಿದ್ದೆ. ಓದಿದ್ದಕ್ಕಿಂತ ವಾದಿಸಿದ್ದೇ ಹೆಚ್ಚು. ಕಾಲೇಜಿನ ಚರ್ಚಾ ತಂಡದಲ್ಲಿ ಪರಕ್ಕೂ ನಾನೇ, ವಿರೋಧಕ್ಕೂ ನಾನೇ; ಯಾವ ಕಡೆ ನಿಲ್ಲಿಸಿದರೂ ಐದು ನಿಮಿಷ ಉಸಿರು ಬಿಡದೆ ಮಾತಾಡುತ್ತಿದ್ದೆ. ಆ ಚಟ ಮನೆಗೂ ಬಂದಿತ್ತು. ಅಮಾವಾಸ್ಯೆಗೆ ಯಾಕೆ ಪ್ರಯಾಣ ಕೂಡದು, ಹೊಸ್ತಿಲ ಮೇಲೆ ಕುಳಿತರೆ ಏನಾಗುತ್ತದೆ, ನಿಂಬೆಹಣ್ಣು ಕಟ್ಟಿದ ಗಾಡಿ ಅಪಘಾತವಾಗುವುದಿಲ್ಲವೇ? ಅವ್ವನ ಪ್ರತಿ ಮಾತಿಗೂ ಪುರಾವೆ ಕೇಳುತ್ತಿದ್ದೆ. ಅಪ್ಪ ಅಮರಗೋಳದ ಮಾರ್ಕೆಟ್ ಯಾರ್ಡಿನ ಒಂದು ಅಂಗಡಿಯಲ್ಲಿ ಮೆಣಸಿನಕಾಯಿ ತೂಗಿಸುವ ಕೆಲಸದಲ್ಲಿದ್ದ. ನಮ್ಮಿಬ್ಬರ ಜಟಾಪಟಿ ಶುರುವಾದರೆ ಪೇಪರು ಹಿಡಿದು ಹೊರಗಿನ ಕಟ್ಟೆಗೆ ಹೋಗಿಬಿಡುತ್ತಿದ್ದ.

ಪ್ರಶ್ನೆ ಕೇಳದೆ ಬಿಟ್ಟ ನಿಯಮ ಒಂದೇ ಒಂದು. ಆ ಮನೆಯಲ್ಲಿ ಅವ್ವ ಮಸಾಲೆ ಹುರಿಯುವಾಗ ಯಾರೂ ಮಾತಾಡಬಾರದು.

ನಮ್ಮ ಕಡೆ ಮಸಾಲೆ ಖಾರವೆಂದರೆ ಬೇಸಿಗೆಯ ದೊಡ್ಡ ಕೆಲಸ. ಬ್ಯಾಡಗಿ ಮೆಣಸಿನಕಾಯಿ, ಹವೀಜ ಎಂದು ನಾವು ಕರೆಯುವ ಕೊತ್ತಂಬರಿ ಬೀಜ, ಒಣಕೊಬ್ಬರಿ, ಬಳ್ಳೊಳ್ಳಿ, ಲವಂಗ, ದಗಡದ ಹೂ ಎನ್ನುವ ಕಲ್ಲುಹೂ, ಎಲ್ಲವನ್ನೂ ಬೇರೆ ಬೇರೆ ಹುರಿದು ಗಿರಣಿಗೆ ಹಾಕಿಸಿ, ವರ್ಷಕ್ಕಾಗುವಷ್ಟು ಖಾರ ಮಾಡಿ ಬರಣಿ ತುಂಬಿಡುತ್ತಾರೆ. ನವನಗರದಲ್ಲಿ ನಮ್ಮ ಓಣಿ, ಹಿಂದಿನ ಓಣಿ, ಅದರಾಚೆಯ ಕ್ವಾರ್ಟರ್ಸು, ಎಲ್ಲರ ಖಾರವೂ ಅವ್ವನ ಬಾಣಲೆಯಲ್ಲೇ ಆಗುತ್ತಿತ್ತು. ಮಹಾದೇವಕ್ಕನ ಕೈಯ ಖಾರ ಎಂದು ಮಕ್ಕಳ ಊರುಗಳಿಗೂ ಕಟ್ಟಿ ಕಳಿಸುತ್ತಿದ್ದರು. ಅವ್ವ ಗಡಿಯಾರ ನೋಡುತ್ತಿರಲಿಲ್ಲ. ಬಾಣಲೆಯನ್ನೂ ನೋಡುತ್ತಿರಲಿಲ್ಲ. ಸೌಟು ಆಡಿಸುತ್ತ, ಮುಖವನ್ನು ಕಿಟಕಿಯ ಕಡೆ ಮಾಡಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಒಂದು ಗಳಿಗೆಗೆ ಸರಕ್ಕನೆ ಬಾಣಲೆ ಇಳಿಸಿಬಿಡುವಳು. ಅಷ್ಟೇ. ಯಾಕೆ ಮಾತಾಡಬಾರದು ಎಂದು ಸಣ್ಣವಳಿದ್ದಾಗ ಒಮ್ಮೆ ಕೇಳಿದ್ದೆನಂತೆ. “ವಾಸನಿ ಭಾಳ ಸಣ್ಣ ದನಿಲೆ ಮಾತಾಡತೈತಿ. ನೀ ಒದರಿದ್ರ ಕೇಳಸಂಗಿಲ್ಲ,” ಅಂದಿದ್ದಳಂತೆ. ಬೆಳೆದ ಮೇಲೂ ಈ ನಿಯಮವನ್ನು ನಾನು ಪ್ರಶ್ನಿಸಲಿಲ್ಲ, ಏಕೆಂದರೆ ಅದು ನನಗೆ ಅನುಕೂಲವಾಗಿತ್ತು. ಎರಡು ತಾಸು ಯಾರೂ ಕರೆಯುವುದಿಲ್ಲ, ಕೆಲಸ ಹೇಳುವುದಿಲ್ಲ.

ಆ ವರ್ಷ ಚಳಿಗಾಲದ ಕೊನೆಗೆ ಅವ್ವನಿಗೆ ಜ್ವರ ಬಂತು. ಯಾವ ಜ್ವರ ಎಂದು ಆ ದಿನಗಳಲ್ಲಿ ಯಾರೂ ಬಿಡಿಸಿ ಕೇಳುತ್ತಿರಲಿಲ್ಲ. ವಾರಕ್ಕೆ ಎದ್ದು ಓಡಾಡಿದಳು. ಗೆದ್ದೆವು ಎಂದುಕೊಂಡೆವು.

ಹಿಂದಿನ ಓಣಿಯಲ್ಲಿ ಒಬ್ಬ ಸಾಲಿ ಬಾಯಾರು, ಅಂದರೆ ಶಾಲೆಯ ಟೀಚರು, ಇದ್ದರು. ಮಗಳ ಲಗ್ನಕ್ಕೆ ಅಡುಗೆಗೂ ಆಗಬೇಕು, ಬೀಗರ ಮನೆಗೆ ಡಬ್ಬಿ ಕಟ್ಟಿ ಕೊಡಲಿಕ್ಕೂ ಆಗಬೇಕು ಎಂದು ಖಾರ ಹೇಳಿದ್ದರು. ಏಪ್ರಿಲ್ಲಿನ ಒಂದು ಮಧ್ಯಾಹ್ನ ಅವ್ವ ಹುರಿಯಲು ನಿಂತಳು. ನಾನು ಹೊರಗಿನ ಕೋಣೆಯಲ್ಲಿ ಮರಣದಂಡನೆ ಬೇಕೋ ಬೇಡವೋ ಎಂದು ಅಂಶ ಬರೆದುಕೊಳ್ಳುತ್ತಿದ್ದೆ. ಹವೀಜ ಹದ ಬಂದ ವಾಸನೆ ಬಂತು. ಅದು ಇಳಿಯಲಿಲ್ಲ. ಹದ ದಾಟಿತು. ಆಮೇಲೆ ಕೊಬ್ಬರಿ ಬಾಣಲೆಗೆ ಬಿದ್ದ ವಾಸನೆ, ಅದು ಕೆಂಪಾದದ್ದು, ಕಪ್ಪಾದದ್ದು, ಹೊತ್ತಿದ್ದು. ಎಲ್ಲವೂ ನನಗೆ ಬಂತು. ಎದ್ದು ಹೋಗಿ ಅವ್ವಾ ಎನ್ನಬಹುದಿತ್ತು. ಅಷ್ಟು ವರ್ಷ ಹುರಿದವಳಿಗೆ ನಾನೇನು ಹೇಳುವುದು ಎಂದುಕೊಂಡೆ. ಮತ್ತೆ ಆ ನಿಯಮವಿತ್ತಲ್ಲ. ಮನೆಯ ಎಲ್ಲ ನಿಯಮಗಳನ್ನೂ ಮುರಿದವಳು ಆವತ್ತು ಅದೊಂದನ್ನು ಪಾಲಿಸಿದೆ.

ನಾಲ್ಕನೆಯ ದಿನ ಬಾಯಾರು ಬಂದು ಡಬ್ಬಿಗಳನ್ನು ನಮ್ಮ ಕಟ್ಟೆಯ ಮೇಲಿಟ್ಟರು. ಬೈದಿದ್ದರೆ ಛಲೋ ಇತ್ತು. ಇರಲಿ ಬಿಡ್ರಿ, ನಿಮಗ ಆರಾಮಿಲ್ಲದಾಗ ನಾವೇ ಹೇಳಬಾರದಿತ್ತು ಎಂದು ನಗುತ್ತಲೇ ಹೇಳಿ, ಚಹಾ ಕುಡಿಯದೆ ಹೋದರು. ಅವ್ವ ಒಂದು ಡಬ್ಬಿ ಬಿಚ್ಚಿ, ಚಿಟಿಕೆ ಖಾರವನ್ನು ಅಂಗೈಗೆ ಹಾಕಿಕೊಂಡು ನನ್ನ ಮೂಗಿನ ಹತ್ತಿರ ಹಿಡಿದಳು.

“ಹೊತ್ತಿದ ವಾಸನಿ ಐತೇನ?”

ಆ ಪ್ರಶ್ನೆಯಿಂದಲೇ ನನಗೆ ತಿಳಿಯಿತು.

“ನಿನಗ ಬರಂಗಿಲ್ಲೇನವಾ?”

“ಜ್ವರಾ ಬಿಟ್ಟಾಗಿಂದ ಏನೂ ಬರವಲ್ದು. ಬರತೈತಿ ಬರತೈತಿ ಅಂತ ಸುಮ್ಮನಿದ್ದೆ.” ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. “ಆವತ್ತ ನೀ ಹೊರಗಿನ ಖೋಲ್ಯಾಗ ಇದ್ದೆಲ್ಲ. ನಿನಗ ಬಂದಿರಲಿಲ್ಲೇನ?”

ಇಲ್ಲ ಎಂದೆ.

ಮೂಗಿನ ಡಾಕ್ಟರು ದೀಪ ಹಾಕಿ ನೋಡಿ, ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು. ಯಾವಾಗ, ಎಷ್ಟು, ಏನು ಆಧಾರ ಎಂದು ನಾನು ಪಾಟೀಸವಾಲಿಗೆ ಇಳಿದೆ. ಅವರು ಭುಜ ಕುಣಿಸಿ, ಲವಂಗ, ನಿಂಬೆಹಣ್ಣು ಏನಾದರೂ ಗಾಢವಾದದ್ದನ್ನು ದಿನಾ ಎರಡು ಹೊತ್ತು ಮೂಸಲಿ ಎಂದರು. ಮನೆಗೆ ಬಂದ ಮೇಲೆ ಅವ್ವ ಮಸಾಲೆಯ ಡಬ್ಬಿ ಮುಟ್ಟುವುದಿಲ್ಲ ಎಂದಳು. ಮುಟ್ಟುತ್ತಿದ್ದಳು. ಒಂದು ಬೆಳಗ್ಗೆ ನಾನು ನೀರು ಕುಡಿಯಲು ಅಡುಗೆಮನೆಗೆ ಹೋದಾಗ, ಇಂಗಿನ ಡಬ್ಬಿಯಲ್ಲಿ ಮೂಗು ಇಟ್ಟುಕೊಂಡು ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು. ಇಂಗು! ಬಾಯಿ ಮುಚ್ಚಿಟ್ಟರೂ ಮನೆಯೆಲ್ಲ ತಿರುಗಾಡುವ ಇಂಗು. ಅವಳ ಹೆಗಲು ಮೇಲೆ ಕೆಳಗೆ ಆಗುತ್ತಿತ್ತು, ಉಸಿರು ಎಳೆಯುತ್ತಿದ್ದಳೋ ಅಳುತ್ತಿದ್ದಳೋ ಕೇಳಲಿಲ್ಲ.

ದಿನಕ್ಕೆ ಮೂರು ಸಲ ಸ್ನಾನ ಮಾಡತೊಡಗಿದಳು. ನನ್ನನ್ನು ಕರೆದು ಕುತ್ತಿಗೆ ಮುಂದೆ ಮಾಡಿ, ಮೈ ನಾರತೈತೇನ ನೋಡು ಎನ್ನುವಳು. ಇಲ್ಲವೆಂದರೆ ನಂಬಳು. ಓಣಿಯ ಹೆಂಗಸರು ಬಂದರೆ ಎರಡು ಮಾರು ದೂರ ಕೂಡುವಳು. ಒಮ್ಮೆ ಹಾಲು ಉಕ್ಕಿ ಒಲೆ ಆರಿ, ಗ್ಯಾಸು ಹಾಗೇ ಬರುತ್ತಿತ್ತು. ಅವಳು ಪಕ್ಕದಲ್ಲೇ ಕುಳಿತು ಕಡಲೆ ಸುಲಿಯುತ್ತಿದ್ದಳು. ಅಪ್ಪ ಓಡಿಬಂದು ಕೀಲಿ ತಿರುಗಿಸಿದ. ಅಂದಿನಿಂದ ಅಡುಗೆಮನೆಯಲ್ಲಿ ಅವಳನ್ನು ಒಬ್ಬಳನ್ನೇ ಬಿಡಲಿಲ್ಲ. ತನ್ನ ಒಲೆಯ ಮುಂದೆ ಕಾವಲಿಟ್ಟುಕೊಂಡ ಹೆಂಗಸಿನ ಮುಖ ಹೇಗಿರುತ್ತದೆ ಎಂದು ನಾನು ಆ ಬೇಸಿಗೆಯಲ್ಲಿ ದಿನಾ ನೋಡಿದೆ.

ಖಾರ ಕೇಳಿಕೊಂಡು ಬಂದವರನ್ನು ಆರಾಮಿಲ್ಲ ಎಂದು ವಾಪಸು ಕಳಿಸಿದಳು. ಮೇ ತಿಂಗಳ ಒಂದು ದಿನ ಅಪ್ಪನಿಗೆ, ದೊಡ್ಡ ಬಾಣಲಿ ನಿಮ್ಮ ತಂಗಿಗೆ ಕೊಟ್ಟಬಿಡ್ರಿ ಎಂದಳು. ಅಪ್ಪ ಕೇಳಿಸದವನಂತೆ ಊಟ ಮಾಡಿದ. ನಾನು ಬಿಡುವವಳೇ? ವಾದ ಹೂಡಿದೆ. ನಾಲ್ಕು ತಿಂಗಳಿಗೆ ತೀರ್ಪು ಕೊಡಬಾರದು ಎಂದೆ, ಡಾಕ್ಟರು ಹೇಳಿದ್ದನ್ನು ಒಂದು ದಿನವೂ ಮಾಡಿಲ್ಲ ಎಂದೆ.

“ಮೂಸೂದಾದ್ರ ಸುಗಂಧಿ ಹೂವ ಮೂಸತೇನಿ,” ಎಂದಳು ಅವ್ವ. “ನಮ್ಮ ತವರಮನಿ ಬಚ್ಚಲದ ಬಾಜೂಕ ಇತ್ತು. ಸಾಲಿಗೆ ಹೋಗೂವಾಗ ಮುಡಕೊಂಡ ಹೋಗತಿದ್ದೆ. ಹುಟ್ಟಿದ ಮ್ಯಾಲ ನಾ ಮೊದಲ ಮೂಸಿದ್ದ ಅದ ಇರಬೇಕು. ಅದೂ ಬರಲಿಲ್ಲಂದ್ರ ಬಾಣಲಿ ಕೊಟ್ಟಬಿಡೂದು. ಆಮ್ಯಾಲ ನೀ ವಾದಾ ಮಾಡಬ್ಯಾಡ.”

ಒಪ್ಪಂದವಾಯಿತು. ಅವ್ವ ತನ್ನ ಇಡೀ ಬದುಕನ್ನು ಒಂದು ಹೂವಿನ ಮೇಲೆ ಇಟ್ಟಳು, ನಾನು ಅದಕ್ಕೆ ಸಹಿ ಹಾಕಿದೆ.

ಧಾರವಾಡದಲ್ಲಿ ಬಸ್ಸು ಬದಲಿಸಿ ಅವ್ವನ ತವರು ಉಪ್ಪಿನಬೆಟಗೇರಿಗೆ ಹೋದೆ. ಸೋದರಮಾವನ ಹೆಂಡತಿ ಕುರಪಿಯಿಂದ ಮಣ್ಣು ಕೆದರಿ ಮೂರು ಗಡ್ಡೆ ಮುರಿದುಕೊಟ್ಟಳು. ನೋಡಲು ಹಸಿ ಶುಂಠಿಯೇ, ಮೈ ಸ್ವಲ್ಪ ದಪ್ಪ. “ಏನೂ ಮಾಡಬ್ಯಾಡ. ನೀರ ಹರಿಯೂ ಕಡೆ ಒಗದ ಬಿಡು, ತಾನ ಬರತೈತಿ,” ಎಂದಳು ಅತ್ತಿ. ನನಗೆ ನಗು ಬಂತು. ಒಗೆದರೆ ಬರುತ್ತದೆ ಎಂಬುದೂ ಒಂದು ವಿಧಾನವೇ? ನಾನು ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿದೆ. ಮನೆಯ ಮುಂದೆ, ಬೆಳಗಿನಿಂದ ಸಂಜೆವರೆಗೆ ಬಿಸಿಲು ಬೀಳುವ ಜಾಗ ಆರಿಸಿ, ಮಣ್ಣಿಗೆ ಉಸುಕು ಗೊಬ್ಬರ ಬೆರೆಸಿ, ಅಳತೆ ಹಿಡಿದು ಮೂರು ಕುಣಿ ತೋಡಿ ಹಚ್ಚಿದೆ. ಮೇ ತಿಂಗಳ ನಮ್ಮ ಹುಬ್ಬಳ್ಳಿಯ ಬಿಸಿಲಿನಲ್ಲಿ.

ವಾರವಾದರೂ ಏನೂ ಕಾಣಲಿಲ್ಲ. ಅವ್ವ ಜನರ ಕಣ್ಣಿಗೆ ಬೀಳಬಾರದೆಂದು ಮುಂದಿನ ಅಂಗಳಕ್ಕೆ ಬರುತ್ತಿರಲಿಲ್ಲ. ಬಾಗಿಲ ಒಳಗಿಂದ, ಬಂತೇನ ಎಂದು ಕೇಳುವಳು. ಮಣ್ಣಿನೊಳಗೆ ಏನು ನಡೆದಿದೆಯೋ ನೋಡದೆ ಹೇಗೆ ಹೇಳುವುದು? ಒಂದು ಗಡ್ಡೆ ಕೆದರಿ ನೋಡಿದೆ. ಹಾಗೇ ಇತ್ತು. ಮುಚ್ಚಿದೆ. ಮೂರು ದಿನಕ್ಕೆ ಮತ್ತೆ. ಆಮೇಲೆ ದಿನ ಬಿಟ್ಟು ದಿನ.

ಪಕ್ಕದ ಮನೆಯ ಹುಸೇನ ಕಾಕಾ ಬೈಕು ರಿಪೇರಿ ಮಾಡುವವರು. ಗೇಟಿನ ಬದಿಗೇ ಅವರ ಶೆಡ್ಡು. ಆಯಿಲ್ ಡಬ್ಬಿಗಳಲ್ಲಿ ಗುಲಾಬಿ, ಕರಿಬೇವು ಬೆಳೆಸಿದ್ದರು. ಒಂದು ಸಂಜೆ ಕೈಯ ಎಣ್ಣೆ ಒರೆಸಿಕೊಳ್ಳುತ್ತ ಗೋಡೆಗೆ ಬಂದು ನಿಂತರು.

“ಏನ್ರಿ ವಕೀಲ್ರ, ಆ ಗಡ್ಡಿಗೆ ದಿನಾ ವಾಯಿದೆ ಹಾಕಿ ಕೋರ್ಟಿಗೆ ಕರಸಾಕತ್ತೀರಿ?”

ಬದುಕಿದೆಯೋ ಇಲ್ಲವೋ ಗೊತ್ತಾಗಬೇಡವೇ ಎಂದೆ.

“ಓಡೂ ಗಾಡಿ ಇಂಜಿನ್ ದಿನಾ ಬಿಚ್ಚಿ ನೋಡಿದ್ರ ಅದು ಓಡಂಗಿಲ್ಲವಾ. ನನ್ನ ಧಂದೆ ನಡದದ್ದ ನಿನ್ನಂಥವರಿಂದ.”

ಮರುದಿನವೂ ಕೆದರಿದೆ. ಬೆರಳಿಗೆ ಏನೋ ಎಳೆಯದು ತಾಗಿತು. ತಾಗುತ್ತಲೇ ಟಕ್ಕೆಂದು ಮುರಿಯಿತು. ಎತ್ತಿ ನೋಡಿದರೆ, ನೆಲದೊಳಗೆ ಇನ್ನೂ ಬಿಳಿಯಾಗಿದ್ದ, ಕಿರುಬೆರಳಿನಷ್ಟು ಮೊಳಕೆ. ಅದು ಬರುತ್ತಿತ್ತು. ಬರುತ್ತಿದೆ ಎನ್ನುವ ಪುರಾವೆ ನನ್ನ ಕೈಯಲ್ಲೇ ಇತ್ತು, ಮುರಿದುಕೊಂಡು. ಎರಡನೆಯ ಗಡ್ಡೆ ಬಿಸಿಲಿಗೆ ಸುರುಟಿ ಬೆಂಡಿನಂತಾಗಿತ್ತು. ಮೂರನೆಯದನ್ನು ನೋಡುವ ತಾಳ್ಮೆ ಉಳಿಯಲಿಲ್ಲ. ಮೂರನ್ನೂ ಕಿತ್ತು ತೆಗೆದು, ಮನೆಯ ಸುತ್ತ ಹೋಗಿ, ಬಚ್ಚಲ ನೀರು ನಿಂತು ಕೆಸರಾದ ಮೂಲೆಗೆ ಬೀಸಿ ಒಗೆದೆ. ಒಳಗಿಂದ ಅವ್ವ, ಬಂತೇನ ಎಂದಳು. ಬರಾಕತ್ತೈತಿ ಎಂದೆ. ಇದು ಎರಡನೆಯ ಸುಳ್ಳು.

ಜೂನಿನಲ್ಲಿ ಮಳೆ ಹಿಡಿಯಿತು. ನಾನು ದಿನಾ ಒಂದೊಂದು ಸುಳ್ಳು ಕಟ್ಟಿದೆ. ಈಗ ಎರಡೆಲೆ, ಈಗ ಗೇಣುದ್ದ. ಅತ್ತಿಯಿಂದ ಬೇರೆ ಗಡ್ಡೆ ತರಬಹುದಿತ್ತು. ತಂದರೆ ಅವ್ವನ ಮುಂದೆ ಒಪ್ಪಿಕೊಳ್ಳಬೇಕು, ವೇದಿಕೆಯ ಮೇಲೆ ಒಂದು ಅಂಶವನ್ನೂ ಬಿಟ್ಟುಕೊಡದೆ ಬೆಳೆದವಳಿಗೆ ಅದು ಆಗಲಿಲ್ಲ. ಅವ್ವ ಸೊರಗುತ್ತಿದ್ದಳು. ಯಾವುದಕ್ಕೂ ರುಚಿಯಿಲ್ಲ ಎಂದು ಅರ್ಧ ರೊಟ್ಟಿಗೇ ಏಳುವಳು. ಮುಡಿಗೆ ಹೂ ಇಲ್ಲದೆ ಒಂದು ದಿನ ಕಳೆಯದವಳು ಬರಿಜಡೆಯಲ್ಲಿ ಇರತೊಡಗಿದಳು. ರಾಶಿ ಪಾತ್ರೆ ಇಟ್ಟುಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕುಳಿತರೆ, ತಿಕ್ಕಿದ್ದನ್ನೇ ತಿಕ್ಕುತ್ತ ಮಧ್ಯಾಹ್ನ ಕಳೆಯುವಳು.

ಜುಲೈನ ಒಂದು ಬೆಳಗ್ಗೆ ಹುಸೇನ ಕಾಕಾ ಹಿತ್ತಲ ಗೋಡೆಯ ಮೇಲಿಂದ ಕೂಗಿ ಕರೆದರು. “ವಕೀಲ್ರ, ಇಲ್ಲೆ ಬರ್ರಿ. ನಿಮ್ಮ ಕಕ್ಷಿದಾರ ತಾನ ಬಂದು ಹಾಜರಾಗ್ಯಾನ.”

ಬಚ್ಚಲ ಕೆಸರಿನಲ್ಲಿ, ಅವ್ವನ ಪಾತ್ರೆಯ ಬೂದಿ ನೀರು ಹೋಗಿ ಬೀಳುವಲ್ಲಿ, ಕೆಂಪು ಬುಡದ ಮೂರು ಹಸಿರು ಈಟಿ. ಅವ್ವ ಮೆಟ್ಟಿಲ ಮೇಲೇ ಇದ್ದಳು. ನನ್ನನ್ನೂ ನೋಡಿದಳು, ಅದನ್ನೂ ನೋಡಿದಳು. ಮುಂದ ಹಚ್ಚೇನಿ ಅಂದಿದ್ದೆಲ್ಲ ಎಂದು ಕೇಳಲಿಲ್ಲ. ನಾನು ಸುಳ್ಳು ಕಟ್ಟುತ್ತಿದ್ದ ದಿನಗಳಲ್ಲೇ ಅವಳು ಆ ಗಿಡವನ್ನು ದಿನಾ ನೋಡುತ್ತಿದ್ದಿರಬೇಕು ಎಂದು ನನಗೆ ಹೊಳೆಯಲು ಇನ್ನೆರಡು ತಿಂಗಳು ಬೇಕಾದವು.

ಆಮೇಲೆ ನಾನು ಅದನ್ನು ಮುಟ್ಟಲಿಲ್ಲ. ಮಳೆ ಬಿತ್ತು, ಬಚ್ಚಲ ನೀರು ಹರಿಯಿತು, ಎಲೆಗಳು ಕತ್ತಿಯಂತೆ ಎದ್ದವು. ಶ್ರಾವಣ ಕಳೆಯಿತು, ಹೂವಿಲ್ಲ. ಗಣಪತಿ ಬಂದು ಹೋದ, ಹೂವಿಲ್ಲ. ಅಪ್ಪನ ತಂಗಿ ಎರಡು ಸಲ ಬಾಣಲೆ ಕೇಳಿಕೊಂಡು ಬಂದಳು; ಅವ್ವ ಹಿತ್ತಲ ಕಡೆ ನೋಡಿ, ಇನ್ನೊಂದೆಂಟ ದಿನಾ ತಡಿ ಎಂದಳು. ಕೊನೆಗೆ ಒಂದು ದಂಟಿನ ತುದಿಗೆ ಹಸಿರು ತೆನೆ ಮೂಡಿ, ಅದರೊಳಗಿಂದ ಸುರುಳಿ ಸುತ್ತಿದ ಬಿಳಿ ಮೊಗ್ಗು ಇಣುಕಿತು. ಸಂಜೆ ಐದೂವರೆಗೆ ಅದು ಬಿಚ್ಚಿತು, ರೆಕ್ಕೆ ತೆರೆದ ಪಾತರಗಿತ್ತಿಯಂತೆ. ನನಗೆ ಮೆಟ್ಟಿಲಿನವರೆಗೂ ವಾಸನೆ ಬಂತು. ಕಿತ್ತು ಅವ್ವನ ಕೈಗೆ ಕೊಟ್ಟೆ.

“ಬಂತು,” ಎಂದಳು. “ಬಂತವಾ. ಛಲೋ ಐತಿ.”

ಅಪ್ಪ ಆಗಲೇ ಅಂಗಿ ಹಾಕಿಕೊಂಡು ಹೋಗಿ ಪೇಢೆ ತಂದ. ಮೂವರೂ ತಿಂದೆವು. ಅವ್ವ ಹೂವನ್ನು ದೇವರ ಜಗುಲಿಗೆ ಏರಿಸಿದಳು.

ನನಗೆ ನಂಬಿಕೆ ಬರಲಿಲ್ಲ. ಒಂದು, ಹೂವು ಮೂಗಿಗೆ ಮುಟ್ಟುವ ಮೊದಲೇ ಬಂತು ಎಂದಿದ್ದಳು. ಇನ್ನೊಂದು, ಮುಡಿಯಲಿಲ್ಲ. ಹುಟ್ಟಿದ ಮೇಲೆ ಮೊದಲು ಮೂಸಿದ ಹೂವನ್ನು, ಏಳೆಂಟು ತಿಂಗಳ ಮೇಲೆ ವಾಸನೆ ಬಂದ ಹೆಂಗಸು, ಮುಡಿಯದೆ ದೂರ ಇಡುತ್ತಾಳೆಯೇ? ಏನೂ ಬಂದಿಲ್ಲ, ನಮ್ಮ ಸಮಾಧಾನಕ್ಕೆ ಹೇಳಿದ್ದಾಳೆ ಎಂದು ತೀರ್ಮಾನಿಸಿದೆ. ಸುಮ್ಮನಿರಬಹುದಿತ್ತು. ಆದರೆ ಅವಳು ಆ ಸುಳ್ಳನ್ನೇ ನಂಬಿಕೊಂಡು ಮತ್ತೆ ಬಾಣಲೆ ಇಟ್ಟರೆ? ಮತ್ತೆ ಯಾರೋ ನಗುತ್ತ ಡಬ್ಬಿ ತಂದು ಕಟ್ಟೆಯ ಮೇಲಿಟ್ಟರೆ? ಹೀಗೆ ನನಗೆ ನಾನೇ ಕಾರಣ ಕೊಟ್ಟುಕೊಂಡೆ. ಖರೇ ಹೇಳಬೇಕೆಂದರೆ, ಗೆಲ್ಲಬೇಕಿತ್ತು.

ಮರುದಿನ ಸಂಜೆ ಮತ್ತೆರಡು ಹೂ ಬಿಚ್ಚಿದವು. ಅಪ್ಪ ಇನ್ನೂ ಯಾರ್ಡಿನಲ್ಲಿದ್ದ. ಹಿತ್ತಲ ಕಟ್ಟೆಯ ಮೇಲೆ ಐದು ಸ್ಟೀಲ್ ಲೋಟ ಸಾಲಾಗಿ ಇಟ್ಟೆ. ಒಂದರಲ್ಲಿ ಹೂವು, ಉಳಿದವುಗಳಲ್ಲಿ ಅದೇ ಗಿಡದ ಎಲೆ. ಮೇಲೆ ತೆಳು ಬಟ್ಟೆ. ಅವ್ವನ ಕಣ್ಣಿಗೆ ಟವೆಲು ಕಟ್ಟಿದೆ. ಆಕೆ ಬೇಡ ಎನ್ನಲಿಲ್ಲ, ಸಣ್ಣ ಹುಡುಗಿಯಂತೆ ತಲೆ ಬಗ್ಗಿಸಿ ಕಟ್ಟಿಸಿಕೊಂಡಳು. ಗೋಡೆಯಾಚೆ ಹುಸೇನ ಕಾಕಾ ಗುಲಾಬಿಗೆ ನೀರು ಹಾಕುತ್ತಿದ್ದರು.

“ಹಡದವ್ವಗ ಪರೀಕ್ಷಾ ಹಚ್ಚಿಯೇನವಾ,” ಎಂದರು, ಈ ಸಲ ವಕೀಲ್ರ ಎನ್ನದೆ.

ಮೊದಲ ಸುತ್ತು. ಅವ್ವ ಮೂರನೆಯ ಲೋಟ ಮುಟ್ಟಿದಳು. ಸರಿ. ಅದೃಷ್ಟ ಎಂದುಕೊಂಡು ಜಾಗ ಬದಲಿಸಿದೆ. ಈ ಸಲ ಮೊದಲನೆಯದನ್ನೇ ಮುಟ್ಟಿದಳು, ಉಳಿದವನ್ನು ಮೂಸಲೂ ಇಲ್ಲ. ಹಾಗಾದರೆ ಬಂದಿದೆ! ಮೂರನೆಯ ಸುತ್ತಿಗೆ ಎರಡೂ ಹೂವನ್ನು ಕೊನೆಯ ಲೋಟಕ್ಕೆ ಹಾಕಿ, ನಾನೇ ಅದನ್ನೆತ್ತಿ ಅವಳ ಮೂಗಿನ ಹತ್ತಿರ ಹಿಡಿದೆ. ಅವ್ವ ಲೋಟವನ್ನು ಕೈಯಿಂದ ತಳ್ಳಿದಳು. ಅದು ಕೆಳಗೆ ಬಿದ್ದು ಉರುಳಿತು. ಟವೆಲು ಕಟ್ಟಿಕೊಂಡೇ ಬಗ್ಗಿ, ಗೋಡೆ ಹಿಡಿದು, ಬಚ್ಚಲ ಮೋರಿಗೆ ವಾಂತಿ ಮಾಡಿದಳು.

ನಾನು ಟವೆಲು ಬಿಚ್ಚಿದೆ. ಅವಳ ಮುಖ ಒದ್ದೆಯಾಗಿತ್ತು.

“ಬರತೈತಿ,” ಎಂದಳು. “ಗಣಪತಿ ಹಬ್ಬದಿಂದ ಬರಾಕತ್ತೈತಿ. ಎಲ್ಲಾನೂ ಬರತೈತಿ. ಅನ್ನಾ ಹಸಿ ಚರ್ಮ ಸುಟ್ಟಂಗ. ಉಳ್ಳಾಗಡ್ಡಿ ಗಟಾರ ಆಗೇತಿ. ನಿಮ್ಮಪ್ಪನ ಅಂಗೀನೂ ಹಂಗ. ನಾ ಅಂದುಕೊಂಡೆ, ಸುಗಂಧಿಯಾದ್ರೂ ಸುಗಂಧಿ ಇರತೈತಿ ಅಂತ.” ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಇಲಿ ಸತ್ತ ಕೊಳತಂಗ ನಾರತೈತಿ, ಶೈಲಾ.”

ಯಾಕೆ ಸುಳ್ಳು ಹೇಳಿದಿ ಎಂದೆ.

“ನಾ ಒಂದ ಹೇಳಿದೆ. ನೀ ಎಷ್ಟ ಹೇಳಿದಿ? ಮುಂದ ಹಚ್ಚಿದ್ದ ಗೇಣುದ್ದ ಆಗೇತಿ ಅಂತ ಹೇಳತಿದ್ದಿ, ನಾ ಇಲ್ಲೆ ಕುಂತ ಮೋರ್ಯಾಗ ಇದು ಏಳೂದನ್ನ ನೋಡತಿದ್ದೆ.” ಉರುಳಿದ ಲೋಟವನ್ನು ಎತ್ತಿ ಇಟ್ಟಳು. “ಆವತ್ತ ಕೊಬ್ಬರಿ ಹೊತ್ತಿದ್ದೂ ನಿನಗ ಬಂದಿತ್ತು.”

ಬಂದಿತ್ತು ಎಂದೆ.

ಅಷ್ಟು ಹೊತ್ತು ಗೋಡೆಯಾಚೆ ನೀರು ಬೀಳುವ ಸದ್ದು ಇತ್ತು, ಈಗ ಅದೂ ನಿಂತಿತು. ಕಾಕಾ ಒಳಗೆ ಹೋಗಿರಬೇಕು. ಅವ್ವ ನೆಲಕ್ಕೆ ಬಿದ್ದಿದ್ದ ಹೂವನ್ನು ಎತ್ತಿ, ತನ್ನ ಮೂಗಿನಿಂದ ದೂರ, ನನ್ನ ಮೂಗಿನ ಹತ್ತಿರ ಹಿಡಿದಳು.

“ಖರೇ ವಾಸನಿ ಹೆಂಗೈತಿ? ಹೇಳು. ನಿನಗ ಮಾತ ಬರತಾವಲ್ಲ.”

ಮೂಸಿದೆ. ತಂಪಾಗಿದೆ ಎಂದೆ. ಸಿಹಿ ಎಂದೆ, ಆದರೆ ಸಕ್ಕರೆಯಂತಲ್ಲ. ಶುಂಠಿಯದು ಸ್ವಲ್ಪ ಎಲ್ಲೋ ಹಿಂದೆ ಇದೆ ಎಂದೆ. ಮತ್ತೆ ಮೂಸಿದೆ. ಮಲ್ಲಿಗೆಯಂತೆಯೂ ಅಲ್ಲ ಎಂದೆ. ಅವ್ವ ನನ್ನ ಬಾಯನ್ನೇ ನೋಡುತ್ತಿದ್ದಳು, ಹಸಿದವರು ತುತ್ತು ನೋಡುವಂತೆ. ಐದು ನಿಮಿಷಕ್ಕೆ ಗಂಟೆ ಬಾರಿಸುವವರೆಗೆ ನಿಲ್ಲದವಳಿಗೆ ಒಂದು ಹೂವಿನ ವಾಸನೆಯನ್ನು ಅವ್ವನಿಗೆ ಹೇಳಲಾಗಲಿಲ್ಲ. ಬಿಡು ಎಂದಳು. ಹೂವನ್ನು ಕಟ್ಟೆಯ ಮೇಲಿಟ್ಟು ಲೋಟಗಳನ್ನು ತೊಳೆಯಲು ಕುಳಿತಳು.

ಮೂಗು ಮೊದಲು ಹೀಗೆ ತಪ್ಪು ತಪ್ಪಾಗಿ ಎಚ್ಚರವಾಗುವುದುಂಟು, ಸರಿಯಾದರೂ ಆದೀತು ಎಂದರು ಡಾಕ್ಟರು. ಈ ಸಲ ನಾನು ಆಧಾರ ಕೇಳಲಿಲ್ಲ.

ಬಾಣಲೆ ಅಪ್ಪನ ತಂಗಿಗೆ ಹೋಗಬೇಕಿತ್ತು. ಸುಗಂಧಿ ಸುಗಂಧಿಯಾಗಿ ಬರಲಿಲ್ಲ, ಒಪ್ಪಂದದ ಮಾತು ಹಾಗೇ ಇತ್ತು. ಅದನ್ನು ಕೊಟ್ಟು ಬರಲು ಅಪ್ಪ ಅಟ್ಟದಿಂದ ಇಳಿಸಿ, ಗೋಣಿಚೀಲದಲ್ಲಿ ಸುತ್ತಿ ಬಾಗಿಲಲ್ಲಿ ಇಟ್ಟ. ಎರಡು ದಿನ ಅದು ಅಲ್ಲೇ ಇತ್ತು. ಮೂರನೆಯ ದಿನ ಮಧ್ಯಾಹ್ನ ಕಾಲೇಜಿನಿಂದ ಬಂದು ನೋಡಿದರೆ ಬಾಣಲೆ ಒಲೆಯ ಮೇಲಿತ್ತು. ಅವ್ವ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಂದು ಹಿಡಿ ಹವೀಜ ಹಿಡಿದು ನಿಂತಿದ್ದಳು.

“ಬಾಜೂಕ ಬಂದ ನಿಂದರು. ಹದಾ ಬಂದಾಗ ಹೇಳು.”

“ಹುರಿಯೂವಾಗ ಮಾತಾಡಬಾರದಲ್ಲ?”

“ಈಗ ಮಾತಾಡು.”

ಬಟ್ಟೆ ಬಿಚ್ಚಿದಳು. ಹವೀಜ ಬಿಸಿಯಾಯಿತು. ಅವಳ ಗಂಟಲು ಉಬ್ಬಿ ಬರುತ್ತಿತ್ತು, ಸೌಟು ನಿಲ್ಲಲಿಲ್ಲ. ನಾನು ಹೆದರಿ ಹೆದರಿ, ಬೇಗ ಹೇಳಿದರೆ ಹಸಿ, ತಡವಾದರೆ ಮತ್ತೆ ಏಪ್ರಿಲ್ಲು ಎಂದು ಕಾದು, ಈಗ ಎಂದೆ. ಅವ್ವ ಇಳಿಸಲಿಲ್ಲ. ಬಾಣಲೆಯ ಮೇಲೆ ಬಗ್ಗಿ ಉಸಿರು ಎಳೆದಳು, ಬೇಕೆಂದೇ, ಆ ಕೊಳಕನ್ನೆಲ್ಲ ಒಳಗೆ ತೆಗೆದುಕೊಂಡಳು.

“ತೊಯ್ದ ಗೋಣಿಚೀಲ,” ಎಂದಳು. “ತೊಯ್ದ ಗೋಣಿಚೀಲ ನಾರಿದ್ರ ಹವೀಜಾ ಆತು.” ಆಮೇಲೆ ಇಳಿಸಿದಳು.

ಹೀಗೆ ಒಂದೊಂದನ್ನೂ ಕಲಿತಳು. ಕೊಬ್ಬರಿಗೆ ಸೀಮೆಎಣ್ಣೆ. ಲವಂಗಕ್ಕೆ ತುಕ್ಕು. ಮೆಂತ್ಯಕ್ಕೆ ಹೆಸರೇ ಸಿಗಲಿಲ್ಲ, ಅದು ಬಂದಾಗ ಕಣ್ಣಲ್ಲಿ ನೀರು ಬರುತ್ತದೆ, ಅದೇ ಗುರುತು ಎಂದಳು. ದಿನಕ್ಕೆ ಒಂದೇ ಹಿಡಿ, ಅದಕ್ಕಿಂತ ಹೆಚ್ಚು ತಡೆಯುತ್ತಿರಲಿಲ್ಲ. ಹುರಿದ ಮೇಲೆ ತಾಸುಗಟ್ಟಲೆ ಹಿತ್ತಲ ಮೆಟ್ಟಿಲ ಮೇಲೆ, ಅದೂ ಗಾಳಿ ಸುಗಂಧಿಯ ಕಡೆಯಿಂದ ಬಾರದ ಹೊತ್ತು ನೋಡಿ, ಕೂಡುವಳು. ಮುಂದಿನ ಬೇಸಿಗೆಗೆ ಓಣಿಯ ನಾಲ್ಕು ಮನೆಯವರು ಖಾರ ಹೇಳಿದರು. ಸಾಲಿ ಬಾಯಾರು ಹೇಳಲಿಲ್ಲ. ಆ ಖಾರ ಕೆಟ್ಟಿರಲಿಲ್ಲ, ಆದರೆ ಮೊದಲಿನದೂ ಆಗಿರಲಿಲ್ಲ. ನನ್ನ ನಾಲಿಗೆಗೆ ಗೊತ್ತಿತ್ತು. ಅವ್ವ ಕೇಳಿದಾಗ ಹಾಗೇ ಹೇಳಿದೆ. ಗೊತ್ತೈತಿ ಎಂದಳು. ಆ ಬೇಸಿಗೆ ಮುಗಿದ ಮೇಲೆ ಮಾಲೀಕರು ಮನೆ ಕೇಳಿದರು, ನಾವು ಹಳೇ ಹುಬ್ಬಳ್ಳಿಗೆ ಬಂದೆವು. ಗಡ್ಡೆ ಕಿತ್ತು ತರೋಣವೇ ಎಂದು ಅಪ್ಪ ಕೇಳಿದಾಗ ನಾನೂ ಅವ್ವನೂ ಪಾತ್ರೆ ಕಟ್ಟುವುದನ್ನು ಮುಂದುವರಿಸಿದೆವು.

ಮೂಗು ಇನ್ನೂ ಸರಿಯಾಗಿಲ್ಲ. ಬೆಲ್ಲವೊಂದು ಬೆಲ್ಲವಾಗಿದೆ ಎನ್ನುತ್ತಾಳೆ, ಕೆಲವು ದಿನ. ಉಳಿದದ್ದೆಲ್ಲ ಕೊಳೆತದ್ದೇ.

ಹೋದ ವಾರ ಆ ಬಾಡಿಗೆಯ ಹೆಣ್ಣುಮಗಳು ಬೇಡ ಬೇಡವೆಂದರೂ ಆರೇಳು ಹೂ ಕಿತ್ತು, ಒಂದು ಹಸಿ ಗಡ್ಡೆಯನ್ನೂ ಸೇರಿಸಿ, ಕ್ಯಾರಿಬ್ಯಾಗಿಗೆ ಹಾಕಿ ಕೊಟ್ಟಳು. ಬಸ್ಸಿನಲ್ಲಿ ಅದನ್ನು ಪುಸ್ತಕದ ಚೀಲದ ತಳಕ್ಕೆ ಇಟ್ಟು, ಮೇಲೆ ದುಪಟ್ಟಾ ತುರುಕಿದೆ. ಇಳಿದ ಮೇಲೆ ಎರಡು ಕಡೆ ಒಗೆಯಲು ನೋಡಿದೆ. ಒಗೆಯಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಟ್ಟು, ಚೀಲವನ್ನು ಬಾಗಿಲ ಹಿಂದೆ ತೂಗುಹಾಕಿದೆ. ಅವ್ವ ನನಗೆ ಬೆನ್ನು ಮಾಡಿ, ಪಡಸಾಲೆಯಲ್ಲಿ ಬಳ್ಳೊಳ್ಳಿ ಸುಲಿಯುತ್ತ ಕುಳಿತಿದ್ದಳು.

“ಸುಗಂಧಿ ತಂದಿಯೇನ?” ಎಂದಳು, ತಿರುಗದೆ.

ಹೆಂಗ ಗೊತ್ತಾತು ಎಂದೆ.

“ನಾರಾಕತ್ತೈತಲ್ಲ.”

ನಾನು ಚೀಲ ತೆಗೆದುಕೊಂಡು ಹೊರಗೆ ಹೊರಟೆ. ಅವ್ವ ಬಳ್ಳೊಳ್ಳಿಯ ಮೊರ ಪಕ್ಕಕ್ಕೆ ಸರಿಸಿದಳು, ಸೆರಗಿಗೆ ಕೈ ಒರೆಸಿಕೊಂಡಳು, ಬರಿಜಡೆಯನ್ನು ಹೆಗಲ ಮೇಲಿಂದ ಹಿಂದಕ್ಕೆ ಹಾಕಿದಳು.

“ಎಲ್ಲಿ ಹೊಂಟಿ? ಇಲ್ಲೆ ಬಾ. ಮುಡಸು.”